ಕಟ್ಟಿದವರು ಹೋದ ಮೇಲೆ

ಬೀದರಿನ ಮಹಮೂದ್ ಗಾವಾನ್ ಮದರಸಾದ ಮುಂಭಾಗ ಇಂದು ಪೂರ್ತಿಯಾಗಿಲ್ಲ. ಉಳಿದಿರುವುದು ಉತ್ತರದ ಮಿನಾರು. ಅದರ ಜೋಡಿಯಾಗಿದ್ದ ದಕ್ಷಿಣದ ಮಿನಾರು, ಹೆಬ್ಬಾಗಿಲು, ಹಿಂದಿನ ಒಂದಿಷ್ಟು ಕೋಣೆಗಳು 1696ರ ಸುಮಾರಿಗೆ ಸಿಡಿದುಹೋದವು. ಬಹಮನಿ ಪ್ರಧಾನಿ ಗಾವಾನ್ 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯಕ್ಕೆ ಅಷ್ಟರಲ್ಲಿ ಇನ್ನೂರು ವರ್ಷ ದಾಟಿತ್ತು. ಮೊಘಲರ ಕಾಲದಲ್ಲಿ ಅದರ ಒಂದು ಭಾಗದಲ್ಲಿ ಸಿಪಾಯಿಗಳು ಬೀಡುಬಿಟ್ಟರು, ಪಕ್ಕದಲ್ಲೇ ಮದ್ದು ಕೂಡಿಟ್ಟರು. ಸಿಡಿಲು ಬಡಿದು ಮದ್ದಿಗೆ ಬೆಂಕಿ ತಗುಲಿತೆಂದೂ ಹೇಳುತ್ತಾರೆ. ಕಾರಣ ಯಾವುದಿದ್ದರೂ ತಪ್ಪು ಗಾರೆಯದಲ್ಲ, ಅಡಿಪಾಯದ್ದೂ ಅಲ್ಲ. ಅದೇ ಕೈಗಳು ಕಟ್ಟಿದ ಉತ್ತರದ ಮಿನಾರು ಹೆಂಚಿನ ಬಣ್ಣವನ್ನೂ ಒಂದಿಷ್ಟು ಉಳಿಸಿಕೊಂಡು ಇನ್ನೂ ನಿಂತಿದೆ. ಯಾವ ಕೋಣೆಯಲ್ಲಿ ಏನಿಡಬಹುದು, ಏನಿಡಬಾರದು ಎಂದು ಕೇಳುವವರು ಅಲ್ಲಿ ಇರಲಿಲ್ಲ. ಹಾಗೆ ಕೇಳುವುದನ್ನೇ ಇಂದು ಕಟ್ಟಡ ನಿರ್ವಹಣಾ ಎಂಜಿನಿಯರ್ ಎಂಬ ಕಸುಬು ಮಾಡುತ್ತದೆ. ಅದರ ಬೇರು ಬೆಂಗಳೂರಿನ ಗಾಜಿನ ಗೋಪುರಗಳಲ್ಲಿದೆ ಎಂದು ನಂಬಿರುವವರು ಬೀದರಿನ ನೆಲವನ್ನು ನೋಡಬೇಕು.

ಬೀದರಿನ ಅಂಚಿನಲ್ಲಿರುವ ನೌಬಾದಿನ ಸುರಂಗ ಬಾವಿಯೇ ಇದಕ್ಕೆ ಸಾಕ್ಷಿ. ಜಂಬಿಟ್ಟಿಗೆ ಕಲ್ಲಿನಲ್ಲಿ ಮಳೆನೀರು ಸುಲಭವಾಗಿ ಇಳಿಯುತ್ತದೆ. ನೀರು ಬಿಡದ ಗಟ್ಟಿ ಪದರ ಸಿಕ್ಕಲ್ಲಿ ನಿಂತು ಅಡ್ಡಕ್ಕೆ ಹರಿಯುತ್ತದೆ. 15ನೇ ಶತಮಾನದಲ್ಲಿ ಬಹಮನಿಗಳ ಆಸರೆಗೆ ಬಂದ ಪರ್ಷಿಯಾದ ಕುಶಲಕರ್ಮಿಗಳ ತಿಳಿವಳಿಕೆಯಿಂದ ಆ ನೀರನ್ನು ತುಸುವೇ ಇಳಿಜಾರಿನ ಸುರಂಗದಲ್ಲಿ ತಂದರು. ಪಂಪೂ ಇಲ್ಲ, ಎತ್ತೂ ಇಲ್ಲ. ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಆ ಸುರಂಗದ ಮೇಲೆ ಸಾಲಾಗಿ ಬಾವಿಯಂಥ ಬಾಯಿಗಳಿವೆ. ಇಳಿಜಾರು ಹೆಚ್ಚಾದರೆ ನೀರು ನೆಲವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಅಳತೆ ಎಷ್ಟೇ ಸರಿಯಿದ್ದರೂ ಹೂಳು ಬಂದೇ ಬರುತ್ತದೆ. ಹಾಗಾಗಿ ಆ ಬಾಯಿಗಳು ತೋಡುವಾಗ ಮಣ್ಣು ಎತ್ತಲು, ಗಾಳಿ ಬರಲು, ನೀರು ಸೇದಲು ಆದಷ್ಟೇ ಮುಂದೆ ಮತ್ತೆ ಮತ್ತೆ ಇಳಿದು ಹೂಳು ತೆಗೆಯಲೂ ಆದವು. ಅಂದರೆ ನಕ್ಷೆ ಬರೆದವನ ಮನಸ್ಸಿನಲ್ಲಿ ಮುಂದೆ ದುರಸ್ತಿಗೆ ಇಳಿಯುವವನು ಮೊದಲೇ ಇದ್ದ. ಇರಾನಿನಲ್ಲಿ ಇಂಥ ಸುರಂಗ ತೋಡುವ, ತೊಳೆಯುವ ಮುಕನ್ನಿಗಳ ಕಸುಬು ಇಂದಿಗೂ ಇದೆ. ಬೀದರಿನಲ್ಲಿ ಅದು ಕಳೆದುಹೋಯಿತು. ಕೊಳವೆಬಾವಿ ಬಂತು, ನಳದ ನೀರು ಬಂತು. ಕೆಲವು ಬಾಯಿಗಳಿಗೆ ಕಸ ಬಿತ್ತು, ಕೆಲವು ಮುಚ್ಚಿಹೋದವು. ಸುಮಾರು ಒಂದು ದಶಕದ ಹಿಂದೆ ಹೂಳೆತ್ತಿದಾಗ ಒಳಗೆ ನೀರು ಹರಿಯಿತು. ನಿಜವಾಗಿ ನೋವು ಕೊಡುವುದು ಇದೇ: ಯಂತ್ರ ಕೆಟ್ಟಿರಲಿಲ್ಲ, ನೋಡಿಕೊಳ್ಳುವವರು ಮಾತ್ರ ಇರಲಿಲ್ಲ.

ಹಾಗೆಂದು ಬೀದರಿನ ಹಳೆಯ ಕಟ್ಟಡಗಳತ್ತ ಯಾರೂ ನೋಡಲಿಲ್ಲ ಎಂದಲ್ಲ. ನಿಜಾಮರ ಕಾಲದಲ್ಲಿ ಗುಲಾಂ ಯಜ್ದಾನಿಯವರ ಪುರಾತತ್ವ ಇಲಾಖೆ ಕೋಟೆಯ ತಖ್ತ್ ಮಹಲಿನ ಅವಶೇಷಗಳನ್ನು ಮಣ್ಣಿನಿಂದ ಬಿಡಿಸಿತು, ಬೀದರಿನ ಕಟ್ಟಡಗಳ ಕುರಿತ ಅವರ ದೊಡ್ಡ ಗ್ರಂಥ 1947ರಲ್ಲಿ ಬಂತು. ಆದರೆ ಅದು ಸ್ಮಾರಕಗಳ ಕಾಳಜಿ. ಜನ ಬಾಳುವ ಕಟ್ಟಡದ ಕಾಳಜಿ ಬೇರೆ. 1980ರ ದಶಕದಲ್ಲಿ ಬೀದರ್, ಭಾಲ್ಕಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಾದವು, ಅದೇ ಜಿಲ್ಲೆಯ ಔರಾದಿನಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಆದರೂ ಓದಿದ ಹುಡುಗರ ಕನಸು ಹೊಸದನ್ನು ಕಟ್ಟುವುದು, ಇಲ್ಲವೇ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ.

ಪ್ಲಂಬರು, ಎಲೆಕ್ಟ್ರಿಷಿಯನ್ನು, ಲಿಫ್ಟಿಗೆ ವಾರ್ಷಿಕ ನಿರ್ವಹಣೆಯ ಒಪ್ಪಂದ (ಎಎಂಸಿ) ಇದ್ದ ಮೇಲೆ ಎಂಜಿನಿಯರ್ ಯಾಕೆ ಎಂದು ಕೇಳುವವರಿದ್ದಾರೆ. ಕೇಳುವುದು ಸಹಜವೇ. ಆದರೆ ದೊಡ್ಡ ಕಟ್ಟಡದಲ್ಲಿ ಕೆಡುಕು ಒಬ್ಬನ ಕೈಯಳತೆಯಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕೆಂಪು ಮಣ್ಣು ಒಣಗಿದರೆ ಅರ್ತಿಂಗ್ ಗುಂಡಿಯ ರೋಧ ಏರುತ್ತದೆ. ಗುಂಡಿಗೆ ನೀರು ಸುರಿದು, ಅರ್ತ್ ಮೆಗ್ಗರ್ ಹಿಡಿದು ರೋಧ ಅಳೆದು, ಪುಸ್ತಕದಲ್ಲಿ ಬರೆಯದಿದ್ದರೆ ಸೋರಿದ ಕರೆಂಟು ಮೋಟಾರಿನ ಮೈಗೆ ಬರುತ್ತದೆ. ಪ್ಲಂಬರಿಗೆ ಪಂಪು ಕಾಣುತ್ತದೆ, ಎಲೆಕ್ಟ್ರಿಷಿಯನ್ನಿಗೆ ಫ್ಯೂಸು. ಎರಡರ ನಡುವಿನ ನಂಟು ಯಾರಿಗೂ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಜನರೇಟರು, ಆಮ್ಲಜನಕದ ಕೊಳವೆ, ಬೆಂಕಿ ಆರಿಸುವ ಪಂಪು ಮೂರೂ ಒಂದೇ ರಾತ್ರಿ ಬೇಕಾಗಬಹುದು. ಲಿಫ್ಟಿಗೆ ಕರ್ನಾಟಕದಲ್ಲಿ 2012ರ ಕಾಯ್ದೆಯಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ನಿರ್ವಹಣೆಗೇ ಪ್ರತ್ಯೇಕ ಭಾಗವೊಂದು ಸೇರಿದೆ. ನಿಯಮ ಬರೆದಾಗಿದೆ, ಅದನ್ನು ಕೈಗೆತ್ತಿಕೊಳ್ಳುವ ಹುದ್ದೆ ಬೇಕು.

ಖರ್ಚಿನ ಮಾತು ಇನ್ನೊಂದು. ಅರಸರಿಗೆ ಆಳುಕಾಳು ಇತ್ತು, ನಗರಸಭೆಗೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ಆದರೆ ಮುಚ್ಚಿಹೋದ ಸುರಂಗದ ಬದಲಿಗೆ ಕೊಳವೆಬಾವಿ ಕೊರೆಯುವುದಕ್ಕೂ ಅದರ ಕರೆಂಟ್ ಬಿಲ್ಲಿಗೂ ಹಣ ಹೋಗಿದೆಯಲ್ಲ! ಪ್ರತಿ ದೊಡ್ಡ ಸರ್ಕಾರಿ ಕಟ್ಟಡಕ್ಕೂ ಒಬ್ಬ ಎಂಜಿನಿಯರ್ ಬೇಕಿಲ್ಲ. ತಾಲ್ಲೂಕಿಗೊಬ್ಬರು, ಅವರ ಕೈಕೆಳಗೆ ಪಾಲಿಟೆಕ್ನಿಕ್ ಮುಗಿಸಿದ ನಾಲ್ಕಾರು ಮಂದಿ, ಪ್ರತಿ ಕಟ್ಟಡಕ್ಕೊಂದು ದಾಖಲೆ ಪುಸ್ತಕ ಎಂದರೆ ಔರಾದಿನಿಂದಲೇ ಶುರು ಮಾಡಬಹುದು. ಭಾಲ್ಕಿ, ಔರಾದಿನ ವಿದ್ಯಾರ್ಥಿಗಳನ್ನು ತರಗತಿಯ ಭಾಗವಾಗಿಯೇ ನೌಬಾದಿಗೆ ಕರೆದೊಯ್ದು ಆ ಬಾಯಿಗಳ ಅಂತರ, ಆಳ, ಇಳಿಜಾರು ಅಳೆಸಲಿ. ಮೊದಲ ದಾಖಲೆ ಪುಸ್ತಕ ಅಲ್ಲೇ ಬರೆಸಲಿ.