ಅರಿಸಿನ ಮತ್ತು ಕಪ್ಪು ಇಲಿ

ಮಕ್ಕಳೇ, ಸಾಂಗಲಿಯ ಪಕ್ಕದಲ್ಲಿರುವ ಹರಿಪುರವನ್ನು ನೀವು ನೋಡಿರಬಹುದು. ಅಲ್ಲಿ ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುತ್ತವೆ. ದಂಡೆಯ ಮೇಲೆ ಸಂಗಮೇಶ್ವರನ ಗುಡಿಯಿದೆ. ಈ ಊರು ಅರಿಸಿನಕ್ಕೂ ಹೆಸರಾಗಿತ್ತು. ಇಲ್ಲಿಯ ನೆಲದಲ್ಲಿ ಆಳವಾದ ಹಗೇವುಗಳನ್ನು ತೋಡಿ ಅರಿಸಿನವನ್ನು ತುಂಬಿಡುತ್ತಿದ್ದರು. ಮರಾಠಿಯಲ್ಲಿ ಇವುಗಳಿಗೆ ‘ಪೇವ’ ಎನ್ನುತ್ತಾರೆ. 2005ರ ಮಹಾಪೂರದಲ್ಲಿ ನೀರು ನುಗ್ಗಿ ಬಹಳಷ್ಟು ಹಗೇವುಗಳು ಹಾಳಾದವು.

ಮುಚ್ಚಿಟ್ಟ ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯಬಾರದು. ಒಳಗೆ ಉಸಿರಾಡಲು ತಕ್ಕ ಗಾಳಿ ಇರುವುದಿಲ್ಲ. ಅದಕ್ಕೆ ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು ಹಿಂದಿನವರ ರೂಢಿ. ಕಂದೀಲು ಆರಿತೆಂದರೆ ಅಪಾಯವಿದೆ ಎಂದೇ ಅರ್ಥ. ಔಷಧಗಳ ವಿಷಯದಲ್ಲಿ ಈ ಕಂದೀಲಿನ ಕೆಲಸವನ್ನು ಹೆಚ್ಚಾಗಿ ಇಲಿಗಳು ಮಾಡುತ್ತವೆ. ಮನುಷ್ಯರಿಗೆ ಕೊಡುವ ಮೊದಲು ಔಷಧವನ್ನು ಅವುಗಳಿಗೆ ಕೊಟ್ಟು ನೋಡುತ್ತಾರೆ.

ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ಗಾಯಕ್ಕೆ ಅರಿಸಿನ ಹಚ್ಚುವುದು, ಕೆಮ್ಮಿಗೆ ಅರಿಸಿನದ ಹಾಲು ಕುಡಿಯುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ಹಾಗಾದರೆ ಅದು ಕ್ಯಾನ್ಸರಿಗೂ ಔಷಧವಾಗಬಲ್ಲದೇ? ಇದನ್ನು ತಿಳಿಯಲು ವಿಜ್ಞಾನಿಗಳು ಪ್ರಾಸ್ಟೇಟ್ ಕ್ಯಾನ್ಸರಿನ ಮೇಲೂ ಪ್ರಯೋಗ ಮಾಡಿದರು.

ಪ್ರಾಸ್ಟೇಟ್ ಎಂಬುದು ಗಂಡಸರ ದೇಹದಲ್ಲಿ ಮೂತ್ರಕೋಶದ ಕೆಳಗಿರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ನಮ್ಮ ದೇಹವು ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಅವು ಮಿತಿ ಮೀರಿ ಹೆಚ್ಚುತ್ತ ಸುತ್ತಲೂ ಹರಡುವ ರೋಗವೇ ಕ್ಯಾನ್ಸರ್. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತದೆ. ಅನೇಕರಲ್ಲಿ ಬಹಳ ವರ್ಷ ಮೆಲ್ಲಗೆ ಬೆಳೆಯುತ್ತದೆ.

ಇಲ್ಲಿ ಒಂದು ತೊಡಕಿತ್ತು. ಇಲಿಗೂ ಪ್ರಾಸ್ಟೇಟ್ ಇದೆ, ಆದರೆ ಅದಕ್ಕೆ ತಾನಾಗಿ ಈ ಕ್ಯಾನ್ಸರ್ ಬರುವುದು ತೀರ ಅಪರೂಪ. ರೋಗವೇ ಇಲ್ಲದ ಇಲಿಗೆ ಔಷಧ ಕೊಟ್ಟು ಏನು ತಿಳಿಯುವುದು?

ಜೀವಕೋಶ ಹೇಗೆ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದು ಅದರೊಳಗಿನ ವಂಶವಾಹಿಗಳಲ್ಲಿ ಅಡಗಿದೆ. 1995ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ನಾರ್ಮನ್ ಗ್ರೀನ್‌ಬರ್ಗ್ ಮತ್ತು ಅವರ ಸಂಗಡಿಗರು ಒಂದು ಹೊಸ ಬಗೆಯ ಇಲಿಯ ವಿಷಯ ಪ್ರಕಟಿಸಿದರು. ಮಂಗಗಳಲ್ಲಿ ಸಿಗುವ ಒಂದು ವೈರಸ್ಸಿನ ವಂಶವಾಹಿಯನ್ನು ಅವರು ಇಲಿಗೆ ಸೇರಿಸಿದ್ದರು. ಹೇಗೆಂದರೆ, ಮರಿ ರೂಪುಗೊಳ್ಳುವ ಮೊಟ್ಟಮೊದಲ ಜೀವಕೋಶದೊಳಗೆ, ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿಯಿಂದ! ಆ ವಂಶವಾಹಿಗೆ ಪ್ರಾಸ್ಟೇಟಿನಲ್ಲಿ ಮಾತ್ರ ಕೆಲಸ ಮಾಡುವ ಒಂದು ‘ಸ್ವಿಚ್ಚ’ನ್ನೂ ಜೋಡಿಸಿದ್ದರು. ಆದ್ದರಿಂದ ಕ್ಯಾನ್ಸರ್ ಅಲ್ಲಿಯೇ ಹುಟ್ಟಿತು. ಹೀಗೆ ವಂಶವಾಹಿ ಬದಲಿಸಿದ ಇಲಿಯನ್ನು ಕುಲಾಂತರಿ ಇಲಿ ಎನ್ನುತ್ತಾರೆ. ಪ್ರಯೋಗಾಲಯದ ಇಲಿ ಎಂದರೆ ನಮಗೆ ಬಿಳಿ ಇಲಿಯೇ ನೆನಪಾಗುತ್ತದೆ, ಆದರೆ ಇದು ಕಪ್ಪು. ಇದರ ಹೆಸರು ‘ಟ್ರ್ಯಾಂಪ್’ ಇಲಿ. ಮನುಷ್ಯನಲ್ಲಿ ವರ್ಷಗಟ್ಟಲೆ ನಡೆಯುವ ರೋಗ ಇದರಲ್ಲಿ ಕೆಲವೇ ತಿಂಗಳಲ್ಲಿ ನಡೆದುಹೋಗುತ್ತದೆ.

2008ರಲ್ಲಿ ಅಮೆರಿಕದ ರಟ್ಜರ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಥ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ಕೆಲವು ಇಲಿಗಳ ಆಹಾರದಲ್ಲಿ ನೂರಕ್ಕೆ ಎರಡು ಪಾಲು ಕರ್ಕ್ಯುಮಿನ್ ಬೆರೆಸಿದ್ದರು. ಬೆರೆಸದ ಆಹಾರ ತಿಂದ ಇಲಿಗಳಿಗಿಂತ ಈ ಇಲಿಗಳಲ್ಲಿ ಗಡ್ಡೆ ಕಡಿಮೆ ಕಂಡುಬಂದಿತು.

ಸಂತೋಷದ ಸುದ್ದಿಯೇ. ಆದರೆ ಅವಸರ ಬೇಡ, ಒಂದು ಲೆಕ್ಕ ಮಾಡೋಣ. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ ಮೂರು ಪಾಲು ಇರುತ್ತದೆ. 100 ಗ್ರಾಂ ಆಹಾರದಲ್ಲಿ 2 ಗ್ರಾಂ ಕರ್ಕ್ಯುಮಿನ್ ಬರಬೇಕಾದರೆ ಅದರಲ್ಲಿ 66 ಗ್ರಾಮಿಗೂ ಹೆಚ್ಚು ಅರಿಸಿನವೇ ಇರಬೇಕು. ಅಂಥ ರೊಟ್ಟಿಯನ್ನು ಯಾರು ತಿಂದಾರು? ಅಲ್ಲದೆ ನಾವು ತಿಂದ ಕರ್ಕ್ಯುಮಿನ್ನಿನಲ್ಲಿ ಬಹಳ ಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತದೆ. ಇಲಿಯ ಕ್ಯಾನ್ಸರ್ ವೈರಸ್ಸಿನ ವಂಶವಾಹಿಯಿಂದ ಬಂದದ್ದು, ಮನುಷ್ಯನದು ಹಾಗೆ ಬರುವುದಿಲ್ಲ.

ದಕ್ಷಿಣ ಕೊರಿಯದಲ್ಲಿ ರೋಗಿಗಳಿಗೇ ಆರು ತಿಂಗಳು ಕರ್ಕ್ಯುಮಿನ್ ಕೊಟ್ಟು ನೋಡಿದರು. ಅವರ ಚಿಕಿತ್ಸೆಯನ್ನು ಆಗಾಗ ನಿಲ್ಲಿಸಿ ಮತ್ತೆ ಆರಂಭಿಸುವ ಕ್ರಮವಿತ್ತು. ಕರ್ಕ್ಯುಮಿನ್ನಿನಿಂದ ಆ ಬಿಡುವಿನ ಕಾಲ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲವೆಂದು 2019ರಲ್ಲಿ ಪ್ರಕಟವಾಯಿತು. ಆದ್ದರಿಂದ ಮನೆಯಲ್ಲಿ ಅಜ್ಜನಿಗೆ ಮೂತ್ರ ಮಾಡಲು ತೊಂದರೆಯಾದರೆ ಅರಿಸಿನದ ಹಾಲು ಕೊಟ್ಟು ಸುಮ್ಮನಿರುವಂತಿಲ್ಲ. ಅಂಥ ತೊಂದರೆಯೆಲ್ಲ ಕ್ಯಾನ್ಸರ್ ಅಲ್ಲ. ಆದರೂ ಯಾವುದೆಂದು ಹೇಳಬೇಕಾದವರು ವೈದ್ಯರು. ನಾಚಿಕೆಯಿಂದ ಅಜ್ಜಂದಿರು ಇದನ್ನು ಹೇಳದೆ ಮುಚ್ಚಿಡುವುದೂ ಉಂಟು.

ಇನ್ನು ಆ ಇಲಿಗಳ ಗತಿ ಏನು ಎಂದು ನೀವು ಕೇಳಬಹುದು. ಪ್ರಯೋಗ ಮುಗಿದ ಮೇಲೆ ಅವುಗಳನ್ನು ಕೊಂದು, ಗ್ರಂಥಿಯನ್ನು ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ, ಬರೆಯುವಾಗಲೂ ಆಯಿತು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇಂಥ ಪ್ರಯೋಗಗಳಿಗೂ ಅನ್ವಯಿಸುತ್ತದೆ. ಪ್ರಯೋಗಕ್ಕೆ ಮೊದಲು ಒಂದು ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿಗಳು, ನೋವು ಕಡಿಮೆ ಮಾಡಲು ಏನು ಉಪಾಯ, ಇಲಿಯೇ ಇಲ್ಲದೆ ಇದನ್ನು ತಿಳಿಯಲಾಗದೇ ಎಂದು ಸಮಿತಿಯವರು ವಿಜ್ಞಾನಿಗಳನ್ನು ಕೇಳುತ್ತಾರೆ.