ಮನೆತನದ ಮರದ ಸಾಮಾನು: ದುರಸ್ತಿ ಮತ್ತು ಪರಂಪರೆ

ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರಲ್ಲಿ ಮಂಗಳೇಶನಿಂದ ಸಿದ್ಧವಾಯಿತು. ಅಖಂಡ ಬಂಡೆಯನ್ನು ಕೊರೆದು ಮಾಡಿದ ಈ ಗುಹೆಗೆ ತೊಲೆಗಳ ಆಸರೆ ಬೇಕಿಲ್ಲ. ಆದರೂ ಶಿಲ್ಪಿಗಳು ತೊಲೆಗಳನ್ನು ಕಲ್ಲಿನಲ್ಲಿಯೇ ಕಂಡರಿಸಿದ್ದಾರೆ. ಹುನಗುಂದ ತಾಲ್ಲೂಕಿನ ಐಹೊಳೆಯ ಲಾಡಖಾನ್ ಗುಡಿಯ ಮಾಡಿನಲ್ಲಿಯೂ ಚಪ್ಪಡಿಗಳ ಸಂದುಗಳ ಮೇಲೆ ಮರದ ದಿಮ್ಮಿಗಳನ್ನು ಹೋಲುವ ನೀಳವಾದ ಕಲ್ಲುಗಳಿವೆ. ಬಡಿಗನ ವಿದ್ಯೆ ಈ ಸೀಮೆಯಲ್ಲಿ ಎಷ್ಟು ಪ್ರಾಚೀನವೆಂಬುದಕ್ಕೆ ಇವು ಸಾಕ್ಷಿ. ಕಲ್ಲು ತಾನಾಗಿ ಉಳಿಯಿತು; ಮರವನ್ನಾದರೋ ಪ್ರತಿಯೊಂದು ತಲೆಮಾರೂ ದುರಸ್ತಿಮಾಡಿ ಉಳಿಸಿಕೊಳ್ಳಬೇಕು.

ಈ ಭಾಗದ ಹಳೆಯ ಮನೆಗಳಲ್ಲಿ ಕಾಣುವ ಸಂದೂಕ, ತೂಗುಮಂಚ, ತೊಟ್ಟಿಲುಗಳ ಬಾಳಿಕೆಗೆ ಮುಖ್ಯ ಕಾರಣ ಅವುಗಳ ಜೋಡಣೆ. ಒಂದು ಮರದ ನಾಲಗೆಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಮರದ ಗೂಟ ಬಡಿದ ಸಾಮಾನನ್ನು ಬಿಚ್ಚಬಹುದು. ಸವೆದ ಭಾಗವನ್ನಷ್ಟೇ ಬದಲಿಸಿ ಮತ್ತೆ ಕೂಡಿಸಬಹುದು. ಇಳಕಲ್ಲಿನ ನೇಕಾರರ ಕುಣಿಮಗ್ಗವೂ ಹೀಗೆಯೇ. ಲಾಳಿ ಸವೆದರೆ ಲಾಳಿ, ದಿಂಡು ಬಿರಿದರೆ ದಿಂಡು ಹೊಸದಾಗುತ್ತದೆ. ಮಗ್ಗ ಮಾತ್ರ ಅಜ್ಜನದಾಗಿಯೇ ಉಳಿಯುತ್ತದೆ.

ದುರಸ್ತಿಯ ತತ್ತ್ವವೂ ಇದರಲ್ಲಿಯೇ ಅಡಗಿದೆ. ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೂಟದ ಜೋಡಣೆ ಈ ಚಲನೆಯನ್ನು ಸೈರಿಸಬಲ್ಲದು. ಕಬ್ಬಿಣದ ಮೊಳೆಯಾದರೋ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ. ಆದುದರಿಂದ ತುಂಡು ಕೂಡಿಸುವಾಗ ಅದೇ ಜಾತಿಯ, ಚೆನ್ನಾಗಿ ಒಣಗಿದ ಮರವನ್ನು ಎಳೆಗಳ ದಿಕ್ಕು ಹೊಂದುವಂತೆ ಇಡಬೇಕು. ಪ್ರಾಣಿಚರ್ಮದ ಹಳೆಯ ಅಂಟು ಬಿಸಿನೀರಿನ ಹಬೆಗೆ ಸಡಿಲುತ್ತದೆ. ಮುಂದಿನ ಬಡಿಗನು ಅದನ್ನು ಬಿಚ್ಚಬಲ್ಲನು. ಅರಗಿನ ಬಣ್ಣದ ಕಲಘಟಗಿಯ ತೊಟ್ಟಿಲನ್ನು ಕೆರೆದು ಹೊಳಪು ಬಳಿದರೆ, ಚಿತ್ರದೊಡನೆ ಅದರ ಚರಿತ್ರೆಯೂ ಅಳಿಸಿಹೋಗುತ್ತದೆ.

ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಬಹುದು, ತೊಟ್ಟಿಲನ್ನು ಹಂಚಲಾಗದು. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವ ರೂಢಿಯಿರುವುದರಿಂದ, ಹೆಣ್ಣುಮಕ್ಕಳ ಕೂಸುಗಳೂ ಅದೇ ತೊಟ್ಟಿಲಲ್ಲಿ ಮಲಗುತ್ತವೆ. ಅದು ಒಬ್ಬರ ಸ್ವತ್ತಲ್ಲ, ಸರದಿಯ ವಸ್ತು. ಬಳಕೆಯಲ್ಲಿರುವುದರಿಂದಲೇ ಅದರ ಗೂಟ ಸಡಿಲಾದುದು ಬೇಗನೆ ಕಣ್ಣಿಗೆ ಬೀಳುತ್ತದೆ.

ಈ ವಿಷಯ ಬಾಗಲಕೋಟೆಯಲ್ಲಿ ಕಠಿನ ಪರೀಕ್ಷೆಗೆ ಒಳಗಾಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 519.60 ಮೀಟರ್ ಮಟ್ಟಕ್ಕೆ ಏರಿ, ಹಳೆಯ ಊರಿನ ತಗ್ಗಿನ ಭಾಗ ಮುಳುಗಿತು. ಕುಟುಂಬಗಳು ನವನಗರಕ್ಕೆ ಸಾಗಿದವು. ಮಣ್ಣಿನ ಗೋಡೆಯನ್ನು ಹೊತ್ತೊಯ್ಯಲಾಗದು. ಗೂಟ ಬಿಚ್ಚಿದ ಕಂಬ, ಬಾಗಿಲುವಾಡ, ತೂಗುಮಂಚಗಳನ್ನು ಒಯ್ಯಬಹುದು. ಆದರೆ ಹೊಸ ಮನೆಯ ತಗ್ಗಾದ ಮಾಡಿಗೆ ಎತ್ತರದ ಕಂಬ ಹೊಂದದು. ಅಂಥ ಮರವು ಮಾರಾಟವಾದರೆ ಮರ ಉಳಿದೀತು, ಅದು ಯಾರದೆಂಬ ತಿಳಿವಳಿಕೆ ಉಳಿಯದು.

2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 524.256 ಮೀಟರ್ ಮಟ್ಟಕ್ಕೆ ಅನುಮತಿ ನೀಡಿತು. ಆ ಮಟ್ಟಕ್ಕೆ ನೀರು ನಿಂತರೆ ಇನ್ನಷ್ಟು ಮನೆಗಳನ್ನು ಬಿಚ್ಚಬೇಕಾದೀತು. ಬಿಚ್ಚುವ ಮುನ್ನ ಪ್ರತಿಯೊಂದು ತುಂಡಿಗೂ ಅಂಕೆ ಹಾಕಿ, ಯಾವುದು ಎಲ್ಲಿತ್ತು, ಯಾರು ಮಾಡಿಸಿದರು, ಯಾವಾಗ ದುರಸ್ತಿಯಾಯಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಇದಕ್ಕೆ ಬೇಕಾದುದು ಒಂದು ಸೀಮೆಸುಣ್ಣ, ಒಂದು ವಹಿ, ಒಂದು ಮಧ್ಯಾಹ್ನ.