ಒಂದು ತಿಂಗಳೂ ಇಲ್ಲದ ಲೀಗ್



ಇಲ್ಲಿ ನಮ್ಮ ಹುಡುಗಿಯರ ಶನಿವಾರದ ಸಾಕರ್ ಸೀಸನ್ನೇ ಎರಡು ಮೂರು ತಿಂಗಳು ನಡೆಯುತ್ತದೆ. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಆಡಿದ ಇಂಡಿಯನ್ ವಿಮೆನ್ಸ್ ಲೀಗ್ ಎಷ್ಟು ದಿನದ್ದು ಗೊತ್ತೇ? ಒಂದು ತಿಂಗಳೂ ಇಲ್ಲ! 16 ತಂಡಗಳನ್ನು ಅಹಮದಾಬಾದಿಗೆ ಕರೆಸಿ, ಎರಡು ಗುಂಪು ಮಾಡಿ ಆಡಿಸಿದರು. ಫೈನಲ್ ತಲುಪುವವರಿಗೆ ಒಟ್ಟು 10 ಪಂದ್ಯ, ಅದೂ ಏಪ್ರಿಲ್-ಮೇ ಬಿಸಿಲಿನಲ್ಲಿ. ನಮ್ಮವರು ತಲುಪಿಯೇಬಿಟ್ಟರು; ಮೇ 21ರಂದು ಗೋಕುಲಂ ಕೇರಳದೆದುರು 0-5ರಿಂದ ಸೋತರು. (ಅಂಕಿ ನೋಡಿ ನಗಬೇಡಿ, ಗೋಕುಲಂಗೆ ಅದು ಸತತ ಮೂರನೇ ಪ್ರಶಸ್ತಿ.)

ನನಗೆ ಸೋಲಿಗಿಂತ ಆ ವೇಳಾಪಟ್ಟಿಯೇ ಬೇಸರ ತರಿಸಿತು. ಕಾಲು ಉಳುಕಿದರೆ ವರ್ಷದ ಲೀಗೇ ಮುಗಿದಂತೆ. ಊರಿನವರು ಬಂದು ಚಪ್ಪಾಳೆ ತಟ್ಟುವಂತೆಯೂ ಇಲ್ಲ.

ಮುಂದಿನ ಸೀಸನ್ನಿಗೆ ತಂಡಗಳು 7ಕ್ಕೆ ಇಳಿದವು. ಆದರೆ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವ ಪದ್ಧತಿ ಬಂತು. ಡಿಸೆಂಬರ್ 2023ರಿಂದ ಮಾರ್ಚ್ 2024ರವರೆಗೆ ತಲಾ 12 ಪಂದ್ಯ, ಅದರಲ್ಲಿ ಅರ್ಧ ತವರಿನಲ್ಲೇ.